ಅಪ್ಪ ಕಳಿಸಿದ ಹೀಟರು

ಗೋದಾಮಿನ ಅಂಗಳ
೧೪ ನವೆಂಬರ್

ಅಪ್ಪಾ,

ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ. ಮೂರು ವರ್ಷದಿಂದ ಇದೇ ಆಯಿತು. ಕಾಗದಕ್ಕೆ ದನಿ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಒಲೆಗೆ ಹಾಕುವುದಾದರೆ ಹಾಕಿ, ಆದರೆ ಓದಿ ಹಾಕಿ.

ಬಾಡಿಗೆ ಮನೆ ಬಿಟ್ಟೆವು. ಒಂದು ಹಳೆಯ ಕ್ಯಾರವಾನ್ ಕೊಂಡಿದ್ದೇವೆ. ಹಾಸಿಗೆ, ಅಡುಗೆ ಕಟ್ಟೆ, ಬಚ್ಚಲು ಎಲ್ಲ ಒಂದೇ ಗಾಡಿಯೊಳಗೆ. ಇವರು ತಕ್ಕಡಿ ರಿಪೇರಿಗೆ ಊರೂರು ತಿರುಗಬೇಕಲ್ಲ, ಈಗ ಮನೆಯೂ ಜೊತೆಗೇ ಬರುತ್ತದೆ. ಗಾಡಿ ಓಡಿಸುವುದು ನಾನು. ಲೆಕ್ಕಪತ್ರವೂ ನನ್ನದೇ. ಈ ಚಳಿಗಾಲ ಪೂರ್ತಿ ಒಂದು ದೊಡ್ಡ ಹಣ್ಣಿನ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಲಾರಿಗಳನ್ನು ತೂಗುವ ವೇಬ್ರಿಡ್ಜಿನಿಂದ ಹಿಡಿದು ಪೆಟ್ಟಿಗೆ ತೂಗುವ ಸಣ್ಣ ಯಂತ್ರದವರೆಗೆ ಎಲ್ಲವನ್ನೂ ಸರಿಮಾಡಿ ಮುದ್ರೆ ಹಾಕಬೇಕು. ಗಾಡಿಯನ್ನು ಅವರ ಹಿಂದಿನ ಅಂಗಳದಲ್ಲೇ ನಿಲ್ಲಿಸಿದ್ದೇವೆ. ನೀರು, ಕರೆಂಟು ಅವರದು.

ಇಲ್ಲಿ ವಿಪರೀತ ಚಳಿ ಅಪ್ಪ. ಅಂಗಳದ ಬಕೆಟ್ಟಿನಲ್ಲಿ ಬೆಳಿಗ್ಗೆ ಮಂಜುಗಡ್ಡೆ ಇರುತ್ತದೆ. ಗಾಡಿಗೆ ಅದರದೇ ಒಂದು ಗ್ಯಾಸ್ ಹೀಟರು ಇದೆ, ನೆಲದಡಿಯ ಕೊಳವೆಗಳಲ್ಲಿ ಬಿಸಿಗಾಳಿ ಊದುತ್ತದೆ. ಆದರೂ ಸಾಲದು. ನೀವು ನಲವತ್ತು ವರ್ಷ ಬೇಕರಿಯ ಒಲೆ ಮುಂದೆ ನಿಂತವರು. ಬೆಚ್ಚಗಿರುವುದು ಹೇಗೆ ಅಂತ ನಿಮ್ಮನ್ನಲ್ಲದೆ ಇನ್ಯಾರನ್ನು ಕೇಳಲಿ?

ಉತ್ತರಕ್ಕೆ ಕಾಯುತ್ತಾ,
ನಿಮ್ಮ ಮಗಳು


ಬೇಕರಿ
೨೩ ನವೆಂಬರ್

ಮಗಳೇ,

ನಿನ್ನ ಕಾಗದ ಓದುತ್ತಾ ಒಲೆಯನ್ನೇ ಮರೆತೆ. ಮೊದಲ ಸಲದ ಬ್ರೆಡ್ಡು ಸೀದುಹೋಯಿತು. ಮನೆಗೆ ಗಾಲಿ ಕಟ್ಟಿಕೊಂಡು ತಿರುಗುತ್ತಿದ್ದೀಯಾ? ಮಂಜುಗಡ್ಡೆ ಬೀಳುವ ಕಡೆ ತಗಡಿನ ಡಬ್ಬದೊಳಗೆ ಮಲಗುತ್ತೀಯಾ? ಇದನ್ನು ನಾನು ಯಾರ ಹತ್ತಿರ ಹೇಳಲಿ? ಪಕ್ಕದ ಅಂಗಡಿಯ ದರ್ಜಿ, 'ಮಗಳು ಎಲ್ಲಿದಾಳೆ?' ಅಂತ ಕೇಳಿದ. 'ಅವಳಿಗೆ ದಿನಾ ವರ್ಗಾವಣೆ ಕಣಯ್ಯ' ಅಂದೆ.

ಅವನ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಗಿರಾಕಿಗಳು ಸಾಲಾಗಿ ನಿಂತಿರುವಾಗ ನನ್ನ ಅಂಗಡಿಗೆ ನುಗ್ಗಿ ನನ್ನ ತಕ್ಕಡಿ ಸುಳ್ಳು ಹೇಳುತ್ತದೆ ಅಂದವನು. ಹಾಗೆ ಬಂದವನು ಹೋಗುವಾಗ ಮಗಳನ್ನೂ ಕರೆದುಕೊಂಡು ಹೋದ. ಬರೆಯುವುದಿಲ್ಲ ಅಂದೆನಲ್ಲ, ಇಷ್ಟೇ.

ಬೇರೆ ಪಾರ್ಸೆಲ್ಲಿನಲ್ಲಿ ಒಂದು ಹೀಟರು ಕಳಿಸಿದ್ದೇನೆ. ಒಳಗೆ ಎಣ್ಣೆ ತುಂಬಿರುವಂಥದ್ದು, ಕರೆಂಟಿನದು. ಬೆಂಕಿ ಇಲ್ಲ, ಹೊಗೆ ಇಲ್ಲ. ನೇರವಾಗಿ ಗೋಡೆಯ ಪ್ಲಗ್ಗಿಗೇ ಹಾಕು, ಉದ್ದನೆಯ ವೈರು ಎಳೆದು ಹಾಕಬೇಡ. ಪರದೆಯಿಂದ ದೂರ ಇಡು. ಮೇಲೆ ಒದ್ದೆ ಬಟ್ಟೆ ಹರವಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಇದು ನಿನಗೆ ಅಂತ ಕಳಿಸಿದ್ದು. ಪಕ್ಕದಲ್ಲಿ ಕೂತವರು ಮೈ ಕಾಯಿಸಿಕೊಂಡರೆ ನಾನೇನೂ ಮಾಡಲಾಗುವುದಿಲ್ಲ.

ಅಪ್ಪ


ಗೋದಾಮಿನ ಅಂಗಳ
೯ ಡಿಸೆಂಬರ್

ಅಪ್ಪಾ,

ಪಾರ್ಸೆಲ್ಲಿನ ಮೇಲೆ ನಿಮ್ಮ ಕೈಬರಹ ನೋಡಿ ನಂಬಲೇ ಆಗಲಿಲ್ಲ. ಗೇಟಿನಲ್ಲಿ ಲಾರಿ ಡ್ರೈವರುಗಳ ಮುಂದೆ ನಿಂತು ಅತ್ತುಬಿಟ್ಟೆ. ಯಾರೋ ಹೋಗಿಬಿಟ್ಟರು ಅಂದುಕೊಂಡು ಒಬ್ಬರು ಕುಡಿಯಲು ನೀರು ತಂದುಕೊಟ್ಟರು. ಹೀಟರು ಬಂತು ಅಂತ ಹೇಗೆ ಹೇಳಲಿ?

ಅದನ್ನು ಹಾಸಿಗೆಯ ಕಾಲ ಬುಡದಲ್ಲಿ ಇಟ್ಟಿದ್ದೇನೆ. ನೀವು ಹೇಳಿದ ಹಾಗೇ ಗೋಡೆಯ ಪ್ಲಗ್ಗಿಗೆ ಹಾಕಿದ್ದೇನೆ. ಕಿಟಕಿಗಳಿಗೆ ಹಳೆಯ ಕಂಬಳಿ ಕತ್ತರಿಸಿ ಪರದೆ ಹೊಲಿದೆ. ಬಾಗಿಲ ಸಂದಿಗೆ ಬಟ್ಟೆ ಸುರುಳಿ ಮಾಡಿ ಇಟ್ಟೆ. ಒಳಗೆ ಈಗ ಸ್ವೆಟರು ಬೇಡ. ಗಾಡಿಯ ಗ್ಯಾಸ್ ಹೀಟರು ಬಾಯಿ ಮುಚ್ಚಿಕೊಂಡು ಮಲಗಿದೆ. ಅದು ಒಳಗೆ ಚಳಿಯಾದರೆ ತಾನೇ ಹೊತ್ತಿಕೊಳ್ಳುತ್ತದೆ, ಬೆಚ್ಚಗಾದರೆ ತಾನೇ ನಿಲ್ಲುತ್ತದೆ. ಈಗ ಚಳಿಯಾಗುವುದೇ ಇಲ್ಲವಲ್ಲ, ಅದಕ್ಕೆ ಕೆಲಸವೇ ಇಲ್ಲ.

ಫ್ರಿಜ್ಜನ್ನೂ ಆರಿಸಿದ್ದೇವೆ. ಹೊರಗೆ ಪುಕ್ಕಟೆ ಚಳಿ ಬಿದ್ದಿರುವಾಗ ಅದು ಯಾಕೆ? ಹಾಲು ದಿನಾ ಗೋದಾಮಿನ ಕ್ಯಾಂಟೀನಿನಿಂದ ಬರುತ್ತದೆ. ತಣ್ಣಗಿಡಲೇಬೇಕಾದ ಇವರದೊಂದು ಡಬ್ಬಿ ಇದೆ, ಅದನ್ನು ನೆಲದಡಿಯ ಸಾಮಾನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನವೆಂಬರಿನಲ್ಲೇ ಅಲ್ಲಿ ಥರ್ಮಾಮೀಟರು ಇಟ್ಟು ನೋಡಿ, 'ಸರಿಯಾಗಿ ಫ್ರಿಜ್ಜಿನಷ್ಟೇ ಇದೆ' ಅಂತ ಸರ್ಟಿಫಿಕೇಟು ಕೊಟ್ಟಿದ್ದರು. ಅವರ ಬಾಯಲ್ಲಿ ಸರಿಯಾಗಿ ಅನ್ನುವ ಮಾತು ಬರಬೇಕಾದರೆ ನಿಜವಾಗಿಯೂ ಸರಿಯಾಗೇ ಇರಬೇಕು. ಅದು ನಿಮಗೂ ಗೊತ್ತು.

ಸಂಜೆ ಕೆಲಸ ಮುಗಿದ ಮೇಲೆ ಹೀಟರಿನ ಮುಂದೆ ಕಾಲು ಚಾಚಿ ಕೂರುತ್ತೇನೆ. ಇವರು ನಗುತ್ತಾರೆ. 'ಅಪ್ಪನ ಜೊತೆ ಮಾತು ಮುಗೀತಾ? ಊಟ ಮಾಡೋಣ್ವಾ?' ಅನ್ನುತ್ತಾರೆ.

ಮನಸ್ಸು ತುಂಬಿ,
ಮಗಳು


ಗೋದಾಮಿನ ಅಂಗಳ
೫ ಜನವರಿ

ಅಪ್ಪಾ,

ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಒಂದು ತೊಟ್ಟೂ ಇಲ್ಲ. ನಾನು ಗಾಬರಿಬಿದ್ದೆ. ಗಾಡಿಯೊಳಗೆ ಬೆವರು ಬರುವಷ್ಟು ಬೆಚ್ಚಗಿದೆ, ನೆಲದಡಿಯಲ್ಲಿ ಪೈಪುಗಳು ಕಲ್ಲಾಗಿ ಕೂತಿವೆ. ಒಂದು ಪೈಪು ಸೀಳಿಯೂ ಹೋಗಿದೆ. ಕಳೆದ ಎರಡು ತಿಂಗಳಲ್ಲಿ ಒಂದು ದಿನವೂ ಹೀಗೆ ಆಗಿರಲಿಲ್ಲ. ಈ ವಾರದ ಚಳಿಯೇ ಅಂಥದ್ದು ಅಂತ ಇಲ್ಲಿನವರು ಹೇಳುತ್ತಾರೆ. ಈಗ ಕ್ಯಾಂಟೀನಿನಿಂದ ಕ್ಯಾನುಗಳಲ್ಲಿ ನೀರು ಹೊತ್ತು ತರುತ್ತೇನೆ. ಪೈಪಿಗೆ ಏನು ಮಾಡಬೇಕು? ಇವರಿಗೆ ತೂಕದ ಯಂತ್ರ ಬಿಟ್ಟರೆ ಬೇರೆ ಯಾವ ಯಂತ್ರದ ಮೇಲೂ ಪ್ರೀತಿ ಇಲ್ಲ.

ನೀರಿನ ಕೂಲಿಯಾಳು,
ನಿಮ್ಮ ಮಗಳು


ಬೇಕರಿ
೧೨ ಜನವರಿ

ಮಗಳೇ,

ಪೈಪಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತು. ಬೆಂಕಿ ಹಿಡಿದೀಯ, ಜೋಕೆ. ಇನ್ನೊಂದು ಹೀಟರು ಕಳಿಸುತ್ತಿದ್ದೇನೆ, ಇದು ಫ್ಯಾನಿನಿಂದ ಬಿಸಿ ಊದುವಂಥದ್ದು. ಅಡುಗೆ ಕಟ್ಟೆಯ ಹತ್ತಿರ ಇಡು. ಒಂದು ಸಾಲದು ಅಂತ ನನಗೆ ಆಗಲೇ ಅನುಮಾನವಿತ್ತು. ಬೇಕರಿಯಲ್ಲಿ ಹಿಟ್ಟು ಉಬ್ಬದಿದ್ದರೆ ಇನ್ನಷ್ಟು ಬಿಸಿ ಕೊಡುತ್ತೇವೆ, ಇನ್ನೇನು ಮಾಡಲಾದೀತು?

ತಣ್ಣಗಿಡಲೇಬೇಕಾದ ಡಬ್ಬಿ ಯಾವುದು ಅಂತ ನಾನು ಕೇಳುವುದಿಲ್ಲ. ಗಂಡಸರು ಏನನ್ನು ತಣ್ಣಗಿಟ್ಟುಕೊಳ್ಳುತ್ತಾರೆ ಅನ್ನುವುದು ತಿಳಿಯದಷ್ಟು ಎಳಸಲ್ಲ ನಾನು.

ಎರಡನೆಯ ಪಾರ್ಸೆಲ್ಲಿನಲ್ಲಿ ಹೀಟರಿನ ಜೊತೆ ರಸ್ಕು ಇಟ್ಟಿದ್ದೇನೆ. ಪುಡಿಯಾಗಿದ್ದರೆ ಹಾಲಿಗೆ ಹಾಕಿಕೋ.

ಅಪ್ಪ


ಗೋದಾಮಿನ ಅಂಗಳ
೨೬ ಜನವರಿ

ಅಪ್ಪಾ,

ಎರಡೂ ಹೀಟರು ಹಗಲೂ ರಾತ್ರಿ ಉರಿಯುತ್ತಿವೆ. ನಾವು ಬೆಚ್ಚಗಿದ್ದೇವೆ. ಆ ವಿಷಯ ಅಲ್ಲಿಗೆ ಬಿಡಿ.

ಇದನ್ನು ನಿಮಗೆ ಬರೆಯಬಾರದು. 'ನಾನು ಹೇಳಿರಲಿಲ್ವಾ' ಅನ್ನುತ್ತೀರಿ. ಆದರೆ ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ? ಇವರು ಇವರಾಗಿಲ್ಲ. ಬೆಳಿಗ್ಗೆ ಏಳುವುದಿಲ್ಲ, ಎದ್ದರೆ ಕೂತಲ್ಲೇ ತೂಕಡಿಸುತ್ತಾರೆ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ನಾನು ಹೊತ್ತು ತಂದ ಕ್ಯಾನಿನ ನೀರನ್ನು ಒಬ್ಬರೇ ಕುಡಿದು ಮುಗಿಸುತ್ತಾರೆ, ಆಮೇಲೆ ಗಳಿಗೆಗೊಂದು ಸಲ ಬಚ್ಚಲಿಗೆ ಹೋಗುತ್ತಾರೆ. ಒಂದು ಮಾತು ಕೇಳಿದರೆ ಮೈಮೇಲೆ ಬೀಳುತ್ತಾರೆ. ಮೊನ್ನೆ ವೇಬ್ರಿಡ್ಜಿನ ಅಂಕಿಯನ್ನು ತಪ್ಪಾಗಿ ಓದಿದರು. 'ಕಣ್ಣು ಮಂಜಾಯ್ತು' ಅಂದರು. ಇವರು ತೂಕ ತಪ್ಪು ಓದುವುದು ಅಂದರೆ ನೀವು ಒಲೆಗೆ ಹಿಟ್ಟಿನ ಬದಲು ಸುಣ್ಣ ಇಟ್ಟ ಹಾಗೆ. ಗೋದಾಮಿನ ಮೇಸ್ತ್ರಿ ನನ್ನ ಮುಖ ನೋಡಿದ.

ಡಾಕ್ಟರ ಹತ್ತಿರ ಹೋಗೋಣ ಅಂದರೆ, 'ಲಾರಿ ಸಾಲುಗಟ್ಟಿ ನಿಂತಿವೆ ಕಣೇ, ಈ ವಾರ ಮುಗೀಲಿ' ಅನ್ನುತ್ತಾರೆ. ಎರಡು ದಿನದಿಂದ ಬಾಯಿ ಬೇರೆ ಹಣ್ಣಿನ ವಾಸನೆ. ಗೋದಾಮಿನ ಮಾಗಿದ ಹಣ್ಣಿನ ವಾಸನೆ ಮೈಗೆಲ್ಲ ಹತ್ತಿದೆ ಅಂದುಕೊಂಡಿದ್ದೇನೆ. ನನ್ನ ಕೂದಲೂ ಅದೇ ವಾಸನೆ.

ನೀವು ಬಯ್ದರೂ ಸರಿ, ಬರೆಯಿರಿ.

ಮಗಳು


ಬೇಕರಿ
೨ ಫೆಬ್ರವರಿ

ಮಗಳೇ,

ನಾನು ಹೇಳಿರಲಿಲ್ಲವೇ? ಹೇಳಿದ್ದೆ. ತೂಕಡಿಕೆ, ಜಗಳ, ಮಂಜು ಕಣ್ಣು, ಮಾರನೆಯ ಬೆಳಿಗ್ಗೆ ಕೊಡದಷ್ಟು ನೀರು. ಇದನ್ನು ನಾನು ಬಿಡಿಸಿ ಹೇಳಬೇಕೇ? ಹಿಂದೆ ನನ್ನ ಒಲೆಗೆ ಸೌದೆ ಹಾಕುತ್ತಿದ್ದವನು ಹೀಗೇ ಇದ್ದ, ಸಂಜೆಯಾದರೆ ಅವನೂ ಹೆಂಡದ ಡಬ್ಬಿ ತೆಗೆಯುತ್ತಿದ್ದ. ಊರವರ ತಕ್ಕಡಿ ತಿದ್ದುವವನಿಗೆ ತನ್ನ ಅಳತೆ ಗೊತ್ತಿಲ್ಲ. ನೀನು ಬಟ್ಟೆ ಕಟ್ಟಿಕೊಂಡು ಬಂದುಬಿಡು. ನಿನ್ನ ಕೋಣೆಯಲ್ಲಿ ಮೈದಾ ಮೂಟೆ ಇಟ್ಟಿದ್ದೇನೆ, ತೆಗೆಸುತ್ತೇನೆ.

ಬೆಳಿಗ್ಗೆ ನಿನ್ನ ಫೋನು ಬಂದಿತ್ತು. ಎತ್ತಲಿಲ್ಲ. ಕೋಪದಲ್ಲಿದ್ದೆ, ಬಾಯಿಂದ ಏನು ಬರುತ್ತಿತ್ತೋ ಏನೋ. ಕಾಗದದಲ್ಲಿ ಮಾತಾಡುವುದೇ ನಮಗೆ ಒಗ್ಗಿದೆ.

೩ ಫೆಬ್ರವರಿ

ಮೇಲಿನದು ನಿನ್ನೆ ಬರೆದದ್ದು. ಅಂಚೆಗೆ ಹಾಕುವ ಮುಂಚೆ ನಿನ್ನ ಕಾಗದವನ್ನು ಇನ್ನೊಂದು ಸಲ ಓದಿದೆ.

ಅದು ಗೋದಾಮಿನ ವಾಸನೆ ಅಲ್ಲ. ನಿನ್ನ ಅಮ್ಮನ ಕೊನೆಯ ವಾರ ಅವಳ ಬಾಯಿಂದ ಅದೇ ವಾಸನೆ ಬರುತ್ತಿತ್ತು. ನೀನು ಪರೀಕ್ಷೆಗೆ ಅಂತ ಹಾಸ್ಟೆಲಿನಲ್ಲಿದ್ದೆ, ನೋಡಿಲ್ಲ. ಅಂಗಡಿಯ ಎಸೆನ್ಸಿನ ವಾಸನೆ ಅಂತ ನಾನೂ ಅಂದುಕೊಂಡಿದ್ದೆ. ಅವಳೂ ಹೀಗೇ ನೀರು ಕುಡಿದಳು, ಹೀಗೇ ಇಳಿದುಹೋದಳು, ಹೀಗೇ ಮೈಮೇಲೆ ಬಿದ್ದಳು.

ಅವನಿಗೆ ಸಕ್ಕರೆ ಕಾಯಿಲೆ ಇದೆಯಾ? ತಣ್ಣಗಿಡಲೇಬೇಕಾದ ಡಬ್ಬಿ ಅಂದರೆ ಇನ್ಸುಲಿನ್ನಾ? ಆ ಡಬ್ಬಿ ನೀರಿನ ಪೈಪಿನ ಪಕ್ಕದಲ್ಲೇ ಇದೆಯಾ? ಪೈಪು ಕಲ್ಲಾದರೆ ಅದೂ ಕಲ್ಲಾಗಿರುತ್ತದೆ. ಒಂದು ಸಲ ಹೆಪ್ಪುಗಟ್ಟಿದ ಔಷಧಿ ಕರಗಿದರೂ ಔಷಧಿಯಲ್ಲ. ಹನ್ನೊಂದು ವರ್ಷ ಅಮ್ಮನ ಬಾಟಲಿಗಳನ್ನು ಕಾಪಾಡಿದವನು ನಾನು. ಅವನನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು.

ನಿನ್ನ ನಂಬರಿಗೆ ಬೆಳಿಗ್ಗೆಯಿಂದ ಮಾಡುತ್ತಿದ್ದೇನೆ, ಸ್ವಿಚ್ ಆಫ್ ಅನ್ನುತ್ತಿದೆ. ನಿನ್ನೆ ನೀನು ಯಾಕೆ ಫೋನು ಮಾಡಿದ್ದೆ?

ಅಪ್ಪ


ಆಸ್ಪತ್ರೆ
೪ ಫೆಬ್ರವರಿ

ಅಪ್ಪಾ,

ಬದುಕಿದ್ದಾರೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಇನ್ನೂ ಕಣ್ಣು ಬಿಟ್ಟಿಲ್ಲ. ಗಾಜಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಾಡಲು ಬೇರೇನೂ ಇಲ್ಲ.

ಮೊನ್ನೆ ಬೆಳಿಗ್ಗೆ ಎಬ್ಬಿಸಿದೆ, ಏಳಲಿಲ್ಲ. ಓಡಿದವರ ಹಾಗೆ ಉಸಿರು ಎಳೆಯುತ್ತಿದ್ದರು. ನಿಮಗೆ ಫೋನು ಮಾಡಿದೆ. ಯಾಕೆ ನಿಮಗೇ ಮಾಡಿದೆನೋ ಗೊತ್ತಿಲ್ಲ, ಬೆರಳು ತಾನಾಗಿ ಒತ್ತಿತು. ಎರಡು ಸಲ ರಿಂಗಾಯಿತು. ಆಮೇಲೆ ಫೋನೇ ಎಲ್ಲಿ ಬಿತ್ತೋ ಕಾಣೆ, ಇನ್ನೂ ಸಿಕ್ಕಿಲ್ಲ. ಆಂಬುಲೆನ್ಸು ಬರುವುದು ತಡ ಅಂದರು ಗೇಟಿನವರು. ನಾನು ಕಾಯಲಿಲ್ಲ. ಹಾಸಿಗೆಗೆ ಅವರನ್ನು ಕಂಬಳಿಯಲ್ಲಿ ಕಟ್ಟಿ ಮನೆಯನ್ನೇ ಓಡಿಸಿಕೊಂಡು ಬಂದೆ. ನೀರಿನ ಪೈಪು, ಕರೆಂಟಿನ ವೈರು ಕಿತ್ತುಬಂದು ಹಿಂದೆ ಜೋತಾಡುತ್ತಿದ್ದವು. ಪಾತ್ರೆಗಳೆಲ್ಲ ನೆಲಕ್ಕೆ ಬಿದ್ದವು. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದಾಗ ಕಾವಲುಗಾರ, 'ಇಲ್ಲಿ ಮನೆ ನಿಲ್ಲಿಸೋ ಹಾಗಿಲ್ಲ ಅಮ್ಮ' ಅಂದ. ಆಮೇಲೆ ಒಳಗೆ ಇಣುಕಿ ನೋಡಿ ಅವನೇ ಸ್ಟ್ರೆಚರು ಎಳೆದುಕೊಂಡು ಬಂದ.

ನಿಮಗೆ ಒಂದು ವಿಷಯ ಹೇಳಿಲ್ಲ. ಇವರಿಗೆ ಹದಿನಾಲ್ಕನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ ಇದೆ. ಅಮ್ಮ ಹೋದ ದಿನ ನೀವು ಸೂಜಿಯ ಡಬ್ಬಿಯನ್ನು ಕಸಕ್ಕೆ ಎಸೆದು, 'ಈ ಕಾಯಿಲೆ ಇನ್ನು ನನ್ನ ಹೊಸ್ತಿಲು ತುಳೀಬಾರದು' ಅಂದಿದ್ದಿರಿ. ಅದನ್ನು ಕೇಳಿದವಳು ಇದನ್ನು ಹೇಗೆ ಹೇಳಲಿ? ತಕ್ಕಡಿಯವನು ಅಂತ ಬಯ್ಯುತ್ತಿರಲಿ, ಅದೇ ವಾಸಿ ಅಂದುಕೊಂಡೆ.

ಡಾಕ್ಟರಮ್ಮ, 'ಔಷಧಿ ಎಲ್ಲಿ ಇಡ್ತೀರಿ?' ಅಂತ ಕೇಳಿದರು. ನೆಲದಡಿಯ ಪೆಟ್ಟಿಗೆ ತೆಗೆದು ತೋರಿಸಿದೆ. ಬಾಟಲಿಗಳ ಸುತ್ತ ಮಂಜು ಕಟ್ಟಿತ್ತು. ಒಂದರೊಳಗೆ ಹತ್ತಿಯ ಚೂರಿನಂಥದ್ದು ತೇಲುತ್ತಿತ್ತು. ಡಾಕ್ಟರಮ್ಮ ಅದನ್ನು ಕಸದ ಬುಟ್ಟಿಗೆ ಹಾಕಿದರು. ನಾಲ್ಕು ವಾರದಿಂದ ಇವರು ಹೆಚ್ಚುಕಡಿಮೆ ನೀರನ್ನು ಚುಚ್ಚಿಕೊಳ್ಳುತ್ತಿದ್ದರು ಅಪ್ಪ. ನಾನೇ ಎಷ್ಟೋ ಸಲ ಸೂಜಿ ಕೈಗೆ ಕೊಟ್ಟಿದ್ದೇನೆ.

ಕಿತ್ತುಹೋದ ಪೈಪು ಜೋಡಿಸಲು ಬಂದ ಗಾಡಿ ಮೆಕ್ಯಾನಿಕ್ಕು ಎಲ್ಲ ಬಿಡಿಸಿ ಹೇಳಿದ. ಗಾಡಿಯ ಗ್ಯಾಸ್ ಹೀಟರು ಇರುವುದು ನಮ್ಮನ್ನು ಬೆಚ್ಚಗಿಡಲು ಮಾತ್ರ ಅಲ್ಲವಂತೆ. ಅದರ ಬಿಸಿಗಾಳಿ ನೆಲದಡಿ ಹರಿದು ಪೈಪು, ಪೆಟ್ಟಿಗೆ ಎಲ್ಲವನ್ನೂ ಹೆಪ್ಪುಗಟ್ಟದಂತೆ ಕಾಯುತ್ತದಂತೆ. ಕರೆಂಟಿನ ಹೀಟರು ಒಳಗೆ ಬೆಚ್ಚಗೆ ಮಾಡಿತು, ಇನ್ನು ಕೆಲಸವಿಲ್ಲ ಅಂತ ಗ್ಯಾಸಿನದು ಮಲಗಿತು, ನೆಲದಡಿ ಎಲ್ಲ ಮಂಜಾಯಿತು. ನಾವು ಮೇಲೆ ಕಾಲು ಚಾಚಿ ಕೂತಷ್ಟೂ ಕೆಳಗೆ ಔಷಧಿ ಕೆಡುತ್ತಿತ್ತು. ಎರಡನೆಯ ಹೀಟರು ಬಂದ ಮೇಲಂತೂ ಗ್ಯಾಸಿನದು ಒಂದು ಸಲವೂ ಹೊತ್ತಿಕೊಂಡಿಲ್ಲ.

ನಿಮ್ಮನ್ನು ದೂರುತ್ತಿಲ್ಲ. ನಿಮಗೆ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನಾನೇ ಮಾಡಿದ್ದೆ.

ನರ್ಸು ಕರೆಯುತ್ತಿದ್ದಾಳೆ.

ಮಗಳು


ಬೇಕರಿ
೧೦ ಫೆಬ್ರವರಿ

ಮಗಳೇ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ಅಂಗಡಿಯ ಒಳಕೋಣೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತೇ ಇದ್ದೆ. ಗಿರಾಕಿಗಳು ಕರೆದು ಕರೆದು ಹೋದರು.

ನೀನು ದೂರುವುದಿಲ್ಲ ಅಂದೆ. ನಾನೇನು ಮಾಡಲಿ? ಮನಸ್ಸಿನಲ್ಲಿ ಅವನಿಗೆ ಎಷ್ಟು ಶಾಪ ಹಾಕಿದ್ದೇನೋ ಲೆಕ್ಕವಿಲ್ಲ, ಒಂದೂ ತಗಲಲಿಲ್ಲ. ಪ್ರೀತಿಯಿಂದ ಒಂದೇ ಒಂದು ಸಾಮಾನು ಕಳಿಸಿದೆ, ಅದು ಹೋಗಿ ತಗಲಿತು. ಒಂದು ಸಾಲದು ಅಂತ ಎರಡನೆಯದನ್ನೂ ಕಳಿಸಿದೆ. ಅದರ ಜೊತೆಗೆ ಸಕ್ಕರೆ ಹಾಕಿದ ರಸ್ಕು.

ಫೋನು ಬಂದಾಗ ಬ್ರೆಡ್ಡು ಹೊರಗೆ ತೆಗೆಯುತ್ತಿದ್ದೆ. ನಿನ್ನ ನಂಬರು ನೋಡಿದೆ. ಕೈಯಲ್ಲಿ ಸಲಿಕೆ ಇತ್ತು, ಕೆಳಗಿಡಲು ಆಗದೆ ಇರುವಂಥದ್ದೇನಲ್ಲ. ಇಡಲಿಲ್ಲ. ಎರಡು ಸಲ ರಿಂಗಾಗಿ ನಿಂತಿತು, 'ಬುದ್ಧಿ ಬಂತು' ಅಂದುಕೊಂಡೆ.

ನನ್ನ ೩ನೇ ತಾರೀಕಿನ ಕಾಗದ ಅಂಗಳದ ವಿಳಾಸಕ್ಕೆ ಬಂದಿರುತ್ತದೆ. ಮೊದಲ ಭಾಗ ಹರಿದು ಹಾಕು. ಅವನು ಓದಬಾರದು.

ಕಣ್ಣು ಬಿಟ್ಟನಾ?

ಅಪ್ಪ


ಆಸ್ಪತ್ರೆ
೨೧ ಫೆಬ್ರವರಿ

ಮಾವನವರಿಗೆ,

ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಕೂತು ಬರೆಯಬಲ್ಲೆ, ನಡೆಯುವುದು ಇನ್ನೂ ಗೋಡೆ ಹಿಡಿದುಕೊಂಡು. ಅವಳು ಊಟ ತರಲು ಹೋಗಿದ್ದಾಳೆ, ಅಷ್ಟರಲ್ಲಿ ಮುಗಿಸಬೇಕು.

ನಿಮ್ಮ ಹೀಟರೇ ಎಲ್ಲಕ್ಕೂ ಕಾರಣ ಅಂತ ನೀವು ಕೊರಗುತ್ತಿದ್ದೀರಿ ಅಂದಳು. ಅಳತೆ ತಪ್ಪಿದರೆ ತಪ್ಪು ಎಲ್ಲಿದೆಯೋ ಅಲ್ಲೇ ಬರೆಯಬೇಕು, ನನ್ನ ಕೆಲಸವೇ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಪೈಪು ಹೆಪ್ಪುಗಟ್ಟಿದ ಬೆಳಿಗ್ಗೆ ನಾನು ಪೆಟ್ಟಿಗೆ ತೆಗೆದು ನೋಡಿದೆ. ಬಾಟಲಿಗಳು ಗಟ್ಟಿಯಾಗಿದ್ದವು. ಅಲ್ಲಾಡಿಸಿದರೆ ಸದ್ದಿಲ್ಲ. ನನಗೆ ಆಗಲೇ ಗೊತ್ತಾಯಿತು, ಒಳಗೆ ಬೆಚ್ಚಗಾದದ್ದಕ್ಕೇ ಕೆಳಗೆ ಹೀಗಾಗಿದೆ ಅಂತ. ಅವಳಿಗೆ ಹೇಳಿದ್ದರೆ ಆ ಕ್ಷಣವೇ ನಿಮ್ಮ ಹೀಟರಿನ ಪ್ಲಗ್ಗು ಕಿತ್ತು ಹೊರಗೆ ಹಾಕುತ್ತಿದ್ದಳು. ನೀವು ಅವಳು ಆ ಹೀಟರಿನ ಮುಂದೆ ಕೂರುವುದನ್ನು ನೋಡಿಲ್ಲ. ಮೂರು ವರ್ಷ ನಾನು ಏನು ಮಾಡಿದರೂ ಅವಳ ಮುಖದಲ್ಲಿ ಆ ಕಳೆ ಬಂದಿರಲಿಲ್ಲ. ನಾನು ಬಾಟಲಿಗಳನ್ನು ಕಂಕುಳಲ್ಲಿಟ್ಟು ಕರಗಿಸಿ ಸುಮ್ಮನಾದೆ. ಅರ್ಧ ಶಕ್ತಿಯಾದರೂ ಉಳಿದಿರುತ್ತದೆ, ಸ್ವಲ್ಪ ಜಾಸ್ತಿ ಚುಚ್ಚಿಕೊಂಡರಾಯಿತು, ಲಾರಿ ಕೆಲಸ ಮುಗಿದ ಮೇಲೆ ಪೇಟೆಗೆ ಹೋಗಿ ಹೊಸದು ತಂದರಾಯಿತು ಅಂದುಕೊಂಡೆ.

ರಕ್ತದ ಸಕ್ಕರೆ ನೋಡುವ ಯಂತ್ರವೂ ಅದೇ ಪೆಟ್ಟಿಗೆಯಲ್ಲಿತ್ತು. ಅಂಕಿ ಬಹಳ ಮೇಲೆ ತೋರಿಸಿತು. ಚಳಿಗೆ ಅಳತೆಯ ಯಂತ್ರಗಳು ಸುಳ್ಳು ಹೇಳುತ್ತವೆ, ಇಪ್ಪತ್ತು ವರ್ಷ ಜನರಿಗೆ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಯಂತ್ರ ತಪ್ಪು, ನಾನು ಸರಿ ಅಂತ ಡಬ್ಬಿ ಮುಚ್ಚಿದೆ. ಅವಳು ಕೇಳಿದಾಗಲೂ ಹಾಗೇ ಅಂದೆ. ನನ್ನ ಮಾತನ್ನು ನಂಬಿದಳು.

ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಹೇಳಲು ಹೆದರಿಕೆ. ಹೀಟರಿನ ತಪ್ಪಿಲ್ಲ ಅನ್ನುವುದು ನಿಮಗಾದರೂ ತಿಳಿದಿರಲಿ.

ನಿಮ್ಮ ಅಳಿಯ


ಬೇಕರಿ
೨೭ ಫೆಬ್ರವರಿ

ಅಳಿಯಂದಿರಿಗೆ,

ನಿಮ್ಮ ಕಾಗದವನ್ನು ನಿಂತುಕೊಂಡು ಓದಲು ಶುರುಮಾಡಿದೆ, ಕೂತುಕೊಂಡು ಮುಗಿಸಿದೆ. ನನಗೆ ಅರವತ್ತಾರು ವರ್ಷ. ಇಂಥ ಹುಚ್ಚುತನವನ್ನು ನಾನು ಕಂಡಿಲ್ಲ, ಕೇಳಿಲ್ಲ. ಒಂದು ಹೀಟರಿನ ಮರ್ಯಾದೆ ಕಾಯಲು ಪ್ರಾಣ ಬಿಡಲು ಹೊರಟಿದ್ದಿರಲ್ಲ. ಅದು ಅಂಗಡಿಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ ಸ್ವಾಮಿ. ನೀವು ಹೋಗಿದ್ದರೆ ಅವಳ ಮುಖದ ಕಳೆಯನ್ನು ನಾನು ಯಾವ ಪಾರ್ಸೆಲ್ಲಿನಲ್ಲಿ ಕಳಿಸಲಿ?

ನಿಮ್ಮನ್ನು ಎಷ್ಟು ಬಯ್ಯಬೇಕೋ ಅಷ್ಟು ಬಯ್ಯಲು ಹೊರಟೆ. ಆಗುತ್ತಿಲ್ಲ. ನನ್ನ ಮಗಳಿಗಾಗಿ ನಾನು ಫೋನು ಕೂಡ ಎತ್ತಿರಲಿಲ್ಲ.

ಅವಳಿಗೆ ಹೇಳಿ. ನೀವೇ ಹೇಳಿ, ಇವತ್ತೇ ಹೇಳಿ. ಅವಳು ನಿಮ್ಮ ಕಾಯಿಲೆಯನ್ನು ನನ್ನಿಂದ ಮುಚ್ಚಿಟ್ಟಳು, ನೀವು ಬಾಟಲಿಯನ್ನು ಅವಳಿಂದ ಮುಚ್ಚಿಟ್ಟಿರಿ. ನನಗೆ ಮೊದಲೇ ಗೊತ್ತಿದ್ದರೆ ಹೀಟರು ಕಳಿಸುವ ಮುಂಚೆ ನಾನು ಕೇಳುತ್ತಿದ್ದ ಒಂದೇ ಪ್ರಶ್ನೆ ಔಷಧಿ ಎಲ್ಲಿಟ್ಟಿದ್ದೀರಿ ಅನ್ನುವುದು.

ನನ್ನ ಅಂಗಡಿಯ ತಕ್ಕಡಿಯ ವಿಷಯ ಬೇರೆ. ಅದನ್ನು ಎದುರು ಕೂತು ಮಾತಾಡೋಣ. ಅದರಲ್ಲಿ ನಾನು ಸೋಲುವುದಿಲ್ಲ.

ನಿಮ್ಮ ಮಾವ


ಗೋದಾಮಿನ ಅಂಗಳ
೬ ಮಾರ್ಚ್

ಅಪ್ಪಾ,

ನಿನ್ನೆ ಮನೆಗೆ ಬಂದೆವು. ಅಂದರೆ, ಮನೆಯನ್ನು ವಾಪಸು ತಂದೆವು. ಔಷಧಿ ಈಗ ಫ್ರಿಜ್ಜಿನಲ್ಲಿದೆ. ಗ್ಯಾಸ್ ಹೀಟರು ಗುರ್ರೆನ್ನುತ್ತಿದೆ, ಕೆಳಗೆ ನೀರು ಹರಿಯುತ್ತಿದೆ.

ಇವರು ಎಲ್ಲ ಹೇಳಿದರು. ಹಾಸಿಗೆಯ ತುದಿಯಲ್ಲಿ ಕೂತು, ತಲೆ ತಗ್ಗಿಸಿ, ತಪ್ಪು ತೂಕ ಒಪ್ಪಿಕೊಳ್ಳುವ ಅಂಗಡಿಯವರ ಹಾಗೆ. ನಾನು ಬಯ್ಯಲಿಲ್ಲ. ಎದ್ದು ಹೊರಗೆ ಹೋಗಿ ವೇಬ್ರಿಡ್ಜಿನ ಮೇಲೆ ನಿಂತುಕೊಂಡೆ, ಯಾಕೋ ಗೊತ್ತಿಲ್ಲ. ಲಾರಿಯವನು ಹಾರ್ನು ಹೊಡೆಯುವವರೆಗೂ ಅಲ್ಲೇ ಇದ್ದೆ. ನನ್ನ ಸಂತೋಷ ಕೆಡಬಾರದು ಅಂತ ಒಬ್ಬರು ನನ್ನ ಪಕ್ಕದಲ್ಲೇ ಮಲಗಿಕೊಂಡು ಸಾಯುತ್ತಿದ್ದರು. ನಾನು ಪಕ್ಕದಲ್ಲೇ ಸಂತೋಷವಾಗಿದ್ದೆ. ಇದನ್ನು ನಾನು ಹೇಗೆ ತಡೆದುಕೊಳ್ಳಲಿ?

ಈಗ ಉಳಿದಿರುವುದು ನನ್ನದು. ಎಲ್ಲರೂ ಹೇಳಿಯಾಯಿತು, ನಾನೂ ಹೇಳಿಬಿಡುತ್ತೇನೆ.

ನಮಗೆ ಚಳಿಯೇ ಇರಲಿಲ್ಲ ಅಪ್ಪ.

ಹೊರಗೆ ಇತ್ತು, ಒಳಗಿರಲಿಲ್ಲ. ಗಾಡಿಯ ಹೀಟರು ಧಾರಾಳವಾಗಿ ಸಾಕಾಗುತ್ತಿತ್ತು. ನವೆಂಬರಿನಲ್ಲಿ ನಿಮಗೆ ಕಾಗದ ಬರೆಯಲು ಕೂತಾಗ, ಏನು ಬರೆದರೆ ನೀವು ಉತ್ತರ ಕೊಡುತ್ತೀರಿ ಅಂತ ಯೋಚಿಸಿದೆ. ಕ್ಷೇಮವಾಗಿದ್ದೇನೆ ಅಂದರೆ ಕೊಡುವುದಿಲ್ಲ. ನೆನಪಾಗುತ್ತೀರಿ ಅಂದರಂತೂ ಕೊಡುವುದೇ ಇಲ್ಲ. ಒಲೆಯ ವಿಷಯ, ಬಿಸಿಯ ವಿಷಯ ಕೇಳಿದರೆ ನೀವು ಸುಮ್ಮನಿರಲಾರಿರಿ ಅನ್ನಿಸಿತು. ಅದಕ್ಕೇ ಚಳಿ ಅಂತ ಬರೆದೆ. ಆ ಒಂದು ಸುಳ್ಳಿಗೆ ನೀವು ಹೀಟರು ಕಳಿಸಿದಿರಿ, ಅದಕ್ಕೆ ಇವರು ಬಾಟಲಿ ಮುಚ್ಚಿಟ್ಟರು.

ಈ ಕಾಗದಕ್ಕೆ ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಮಗಳು


ಬಸ್ ನಿಲ್ದಾಣ
೧೧ ಮಾರ್ಚ್

ಮಗಳೇ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಓದಿ ಮುಗಿಸಿ ಒಲೆಗೆ ನೀರು ಹಾಕಿದೆ. ಆ ಒಲೆ ಆರಿದ್ದು ನಿನ್ನ ಅಮ್ಮ ಹೋದ ದಿನ ಬಿಟ್ಟರೆ ಇವತ್ತೇ. ದರ್ಜಿ ಓಡಿಬಂದು, 'ಏನಾಯ್ತು, ಯಾರಿಗೆ ಏನಾಯ್ತು?' ಅಂದ. 'ಮಗಳಿಗೆ ಚಳಿ ಇಲ್ವಂತೆ ಕಣೋ' ಅಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡು ಅಂಗಡಿಯ ಬೀಗ ಅವನೇ ಹಾಕಿದ.

ಉತ್ತರ ಬರೆಸಿಕೊಳ್ಳಲು ಮಗಳು ಚಳಿ ಅಂತ ಸುಳ್ಳು ಹೇಳಬೇಕಾಯಿತು ಅಂದರೆ ನಾನು ಎಂಥ ಅಪ್ಪ? ಬಸ್ಸಿಗೆ ಕಾಯುತ್ತಾ ಅದನ್ನೇ ಯೋಚಿಸುತ್ತಿದ್ದೇನೆ. ನಿನ್ನ ಮೇಲೆ ಕೋಪವಿಲ್ಲ. ಹುಡುಕಿದೆ, ಸಿಗಲಿಲ್ಲ.

ನಾನು ಬರುತ್ತಿದ್ದೇನೆ. ಅಳಿಯಂದಿರ ಔಷಧಿಯ ಹೊತ್ತು ನೋಡಿಕೊಳ್ಳುವುದು ನನಗೆ ಗೊತ್ತಿರುವ ಕೆಲಸ. ಮಲಗಲು ಜಾಗವಿಲ್ಲದಿದ್ದರೆ ಸ್ಟೀರಿಂಗಿನ ಮುಂದೆ ಕೂತು ಮಲಗುತ್ತೇನೆ.

ಇಲ್ಲೇ ಪಕ್ಕದ ಡಬ್ಬಿಗೆ ಈ ಕಾಗದ ಹಾಕುತ್ತಿದ್ದೇನೆ. ಇದು ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ. ಓದುತ್ತಿರುವಾಗ ಯಾರಾದರೂ ತಟ್ಟಿದರೆ ಓದುವುದು ನಿಲ್ಲಿಸಿ ಬಾಗಿಲು ತೆಗಿ.

ಅಪ್ಪ